ಕೆಳದವಡೆಗೂ ಬರಲಿ ದಂತಭಾಗ್ಯ

ರಾಜ್ಯ ಸರ್ಕಾರ 2014ರಲ್ಲಿ ‘ದಂತಭಾಗ್ಯ’ ಯೋಜನೆಯನ್ನು ಆರಂಭಿಸಿದಾಗ ಅದನ್ನು ಗೇಲಿ ಮಾಡಿದವರು ಕಡಿಮೆಯಿರಲಿಲ್ಲ. ಭಾಗ್ಯಗಳ ಸರಕ್ಕೆ ಇನ್ನೊಂದು ಮಣಿ ಪೋಣಿಸಿದರು ಎಂದು ನಕ್ಕವರಲ್ಲಿ ಬಾಯಿತುಂಬ ಸ್ವಂತ ಹಲ್ಲಿದ್ದವರೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಅದು ಸರ್ಕಾರವೊಂದು ಮಾಡಬಹುದಾದ ಅತ್ಯಂತ ವಿವೇಕದ ವೆಚ್ಚಗಳಲ್ಲಿ ಒಂದು. ಬಡತನ ರೇಖೆಗಿಂತ ಕೆಳಗಿರುವ, ಹಲ್ಲು ಕಳೆದುಕೊಂಡ ಹಿರಿಯರಿಗೆ ದಂತ ವೈದ್ಯಕೀಯ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ಟು ಮಾಡಿಸಿಕೊಡುವುದು ಅದರ ತಿರುಳು. ಮೊದಲು 60 ವರ್ಷ ದಾಟಿದವರಿಗೆ ಎಂದಿದ್ದ ವಯೋಮಿತಿಯನ್ನು ಮುಂದೆ 45ಕ್ಕೆ ಇಳಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಜಗತ್ತಿನಲ್ಲಿ 60 ದಾಟಿದವರ ಪೈಕಿ ಶೇಕಡ 23ರಷ್ಟು ಜನರ ಬಾಯಲ್ಲಿ ಒಂದು ಹಲ್ಲೂ ಉಳಿದಿಲ್ಲ. ಇಷ್ಟು ದೊಡ್ಡ ಅಂಗವೈಕಲ್ಯವನ್ನು ನಾವು ‘ವಯಸ್ಸಾಯಿತಲ್ಲ’ ಎಂಬ ಎರಡು ಮಾತಿನಲ್ಲಿ ಮುಗಿಸಿಬಿಡುತ್ತೇವೆ.

ಹಾಗಾಗಿ ನನ್ನ ತಕರಾರು ಯೋಜನೆಯ ಉದ್ದೇಶದ ಬಗ್ಗೆ ಅಲ್ಲ, ಅದರ ಲೆಕ್ಕದ ಬಗ್ಗೆ. ಮೂರು ದಶಕಗಳ ಸರ್ಕಾರಿ ಸೇವೆಯಲ್ಲಿ ನಾನು ಓದಿದ, ಬರೆದ, ಸಹಿ ಮಾಡಿದ ಪ್ರಗತಿ ವರದಿಗಳಿಗೆ ಲೆಕ್ಕವಿಲ್ಲ. ಅವೆಲ್ಲವುಗಳಲ್ಲಿ ಒಂದು ಸಮಾನ ಗುಣವಿತ್ತು: ವಿತರಣೆಯಾದ ದಿನಕ್ಕೆ ಕೆಲಸ ಮುಗಿಯಿತು ಎಂದು ಅವು ನಂಬುತ್ತಿದ್ದವು. ಕೈಪಂಪು ಹಾಕಿದ್ದು ದಾಖಲಾಗುತ್ತಿತ್ತು, ಅದರ ವಾಷರು ಸವೆದದ್ದು ಆಗುತ್ತಿರಲಿಲ್ಲ. ಹಲ್ಲಿನ ಸೆಟ್ಟೂ ಅಂಥದೇ ಒಂದು ವಸ್ತು. ಅದರಲ್ಲೂ ಕೆಳದವಡೆಯ ಸೆಟ್ಟು.

ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದ ಕಡೆಯ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಎಪ್ಪತ್ತೆಂಟರ ಹಿರಿಯಾಕೆಯೊಬ್ಬರಿದ್ದಾರೆ. ಶಿಬಿರವೊಂದರಲ್ಲಿ ಹೆಸರು ಬರೆಸಿ, ಮೂರು ನಾಲ್ಕು ಸಲ ಓಡಾಡಿ ಹಲ್ಲು ಕಟ್ಟಿಸಿಕೊಂಡವರು. ಈಗ ಅದರ ಕೆಳಭಾಗ ಹಳೆಯ ಬಿಸ್ಕತ್ತಿನ ಡಬ್ಬಿಯೊಳಗೆ, ಹತ್ತಿಯ ನಡುವೆ ಭದ್ರವಾಗಿದೆ. ಮೇಲಿನದನ್ನು ಮದುವೆ ಮುಂಜಿಗೆ ಹೋಗುವಾಗ ಹಾಕಿಕೊಳ್ಳುತ್ತಾರೆ. ಕಾರಣ ಕೇಳಿದರೆ ಅವರ ಉತ್ತರ ಚಿಕ್ಕದು: “ಮೇಲಿಂದು ಅಡ್ಡಿಲ್ಲೆ ತಮಾ, ಕೆಳಗಿಂದು ನಿಲ್ತೇ ಇಲ್ಲೆ.” ದಾಖಲೆಯಲ್ಲಿ ಅವರು ಯೋಜನೆಯ ಫಲಾನುಭವಿ. ಊಟಕ್ಕೆ ಕೂತಾಗ ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಿ ನುಂಗುವ ಮುದುಕಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಊರಿಗೆ ಹೋಗಿ ಜಗಲಿಯ ಮೇಲೆ ಹತ್ತು ನಿಮಿಷ ಕುಳಿತರೂ ಇಂಥ ಡಬ್ಬಿಯ ಸುದ್ದಿ ಬರುತ್ತದೆ. ನಾನೂ ಆರು ವರ್ಷಗಳಿಂದ ಕೆಳಸೆಟ್ಟಿನೊಂದಿಗೆ, ಇಂಪ್ಲಾಂಟ್ ಇಲ್ಲದೆ, ಬಾಳುತ್ತಿರುವವನಾದ್ದರಿಂದ ಜನ ನನ್ನೊಡನೆ ಈ ವಿಷಯವನ್ನು ಸಂಕೋಚವಿಲ್ಲದೆ ಮಾತಾಡುತ್ತಾರೆ.

ಮೇಲಿನದು ನಿಲ್ಲುತ್ತದೆ, ಕೆಳಗಿನದು ಏಕೆ ನಿಲ್ಲುವುದಿಲ್ಲ? ಉತ್ತರ ಸರಳವಾದ ಭೌತಶಾಸ್ತ್ರದಲ್ಲಿದೆ. ಮೇಲಿನ ಸೆಟ್ಟಿಗೆ ಇಡೀ ಅಂಗುಳವೇ ಆಸರೆ. ಒದ್ದೆಯಾದ ಎರಡು ಗಾಜಿನ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ, ಜೊಲ್ಲಿನ ತೆಳು ಪದರದ ಮೂಲಕ ಅದು ಅಂಗುಳಕ್ಕೆ ಕಚ್ಚಿಕೊಳ್ಳುತ್ತದೆ. ಕೆಳಗಿನದು ಬರಿಯ ಕುದುರೆ ಲಾಳ. ನಡುವೆ ನಾಲಿಗೆ, ಸುತ್ತ ಕೆನ್ನೆ ಮತ್ತು ತುಟಿ. ಪ್ರತಿ ಸಲ ಗುಟುಕು ನುಂಗಿದಾಗಲೂ ಬಾಯಿಯ ತಳ ಮೇಲೇಳುತ್ತದೆ, ಸೆಟ್ಟನ್ನೂ ಎತ್ತುತ್ತದೆ. ಹಲ್ಲಿಲ್ಲದ ಮೇಲ್ದವಡೆಯಲ್ಲಿ ಸೆಟ್ಟು ಕೂರಲು ಸರಾಸರಿ 23 ಚದರ ಸೆಂಟಿಮೀಟರ್ ಜಾಗ ಸಿಕ್ಕಿದರೆ ಕೆಳದವಡೆಯಲ್ಲಿ ಸಿಗುವುದು ಸುಮಾರು 12 ಮಾತ್ರ. ಅರ್ಧ ಜಾಗದಲ್ಲಿ ಅಷ್ಟೇ ಭಾರವನ್ನು ಹೊರಬೇಕು. ಅದೂ ಸ್ಥಿರವಾದ ಜಾಗವಲ್ಲ. ಹಲ್ಲು ಹೋದ ಮೇಲೆ ದವಡೆಯ ಮೂಳೆ ಕರಗುತ್ತ ಹೋಗುತ್ತದೆ. ಇಪ್ಪತ್ತೈದು ವರ್ಷಗಳವರೆಗೆ ಕಟ್ಟಿಸಿದ ಹಲ್ಲಿನವರನ್ನು ಹಿಂಬಾಲಿಸಿ ಅಳತೆ ಮಾಡಿದ ಆಂಟಿ ಟಾಲ್‌ಗ್ರೆನ್ ಎಂಬ ಸಂಶೋಧಕಿ 1972ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಮುಂಭಾಗದಲ್ಲಿ ಕೆಳದವಡೆ ಮೇಲ್ದವಡೆಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಕರಗುತ್ತದೆ. ಅಂದರೆ ಇಂದು ಸರಿಯಾಗಿ ಕೂತ ಕೆಳಸೆಟ್ಟು ಎರಡು ಮೂರು ವರ್ಷಗಳಲ್ಲಿ ತಾನಾಗಿಯೇ ಸಡಿಲವಾಗುವುದು ಸಹಜ. ಅದು ವೈದ್ಯರ ದೋಷವಲ್ಲ, ರೋಗಿಯ ದೋಷವೂ ಅಲ್ಲ. ಸೆಟ್ಟು ಹಾಗೆಯೇ ಇದೆ, ಅದು ಕೂತಿದ್ದ ನೆಲ ಕುಸಿದಿದೆ.

ಇದರಿಂದ ಹೊರಡುವ ಮೊದಲ ಪಾಠವೆಂದರೆ ಕೆಳಸೆಟ್ಟನ್ನು ಕಲಿಯಬೇಕು. ಅಂಟಿನ ಬಲ ಕಡಿಮೆಯಾದ್ದರಿಂದ ಅದನ್ನು ಹಿಡಿದಿಡುವ ಹೊಣೆ ನಾಲಿಗೆ ಮತ್ತು ಕೆನ್ನೆಯ ಸ್ನಾಯುಗಳದು. ನಾಲಿಗೆಯ ತುದಿಯನ್ನು ಕೆಳಗಿನ ಮುಂಹಲ್ಲುಗಳ ಹಿಂದೆ ಮೆಲ್ಲಗೆ ತಾಗಿಸಿಟ್ಟುಕೊಳ್ಳುವುದು ಅರ್ಧ ವಿದ್ಯೆ. ಹೆದರಿದಾಗ ನಾಲಿಗೆಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಎಲ್ಲರ ಸ್ವಭಾವ. ಎಳೆದುಕೊಂಡ ಕ್ಷಣವೇ ಸೆಟ್ಟು ಮೇಲೇಳುತ್ತದೆ. ಉಳಿದರ್ಧ ವಿದ್ಯೆ ಅಗಿಯುವುದರಲ್ಲಿದೆ. ಸ್ವಂತ ಹಲ್ಲಿದ್ದಾಗ ನಾವು ಒಂದೇ ಮಗ್ಗುಲಲ್ಲಿ ಅಗಿಯುತ್ತೇವೆ. ಕೆಳಸೆಟ್ಟಿಗೆ ಅದು ಆಗದು; ತಕ್ಕಡಿಯ ಒಂದು ತಟ್ಟೆಗೆ ಭಾರ ಹಾಕಿದಂತಾಗಿ ಇನ್ನೊಂದು ಮಗ್ಗುಲು ಎದ್ದುಬಿಡುತ್ತದೆ. ತುತ್ತನ್ನು ಚಿಕ್ಕದು ಮಾಡಿ, ಎರಡು ಕಡೆಗೂ ಹಂಚಿ, ಮೇಲೆ ಕೆಳಗೆ ನೇರವಾಗಿ ಅಗಿಯಬೇಕು. ಮುಂಹಲ್ಲಿನಿಂದ ಕಚ್ಚಿ ಎಳೆಯುವುದನ್ನು ಮರೆಯಬೇಕು. ಇಷ್ಟು ಕೈವಶವಾಗಲು ನನಗೆ ಎರಡು ತಿಂಗಳು ಹಿಡಿಯಿತು. ಆ ಮೇಲೂ ಸ್ವಂತ ಹಲ್ಲಿನ ಕಚ್ಚುಬಲದ ಕಾಲುಭಾಗ ದಕ್ಕಿದರೆ ಹೆಚ್ಚು. ತೊಡದೇವು ತೊಂದರೆ ಕೊಡುವುದಿಲ್ಲ, ಹಲಸಿನ ಹಪ್ಪಳವನ್ನು ಚೂರು ಮಾಡಿಕೊಂಡರೆ ನಡೆಯುತ್ತದೆ. ಇಡಿಯ ಅಪ್ಪೆಮಿಡಿಯನ್ನು ಕಚ್ಚುವ ಸುಖ ಮಾತ್ರ ಮುಗಿಯಿತು. ಅದನ್ನು ಈಗ ಚಾಕುವಿನಲ್ಲಿ ಹೆಚ್ಚಿ ಬಡಿಸುತ್ತಾರೆ, ನನ್ನ ಎಲೆಯಲ್ಲಿ ಅದು ಅಪ್ಪೆಮಿಡಿಯಂತೆ ಕಾಣುವುದೇ ಇಲ್ಲ.

ನಮ್ಮ ಹಿರಿಯರಿಗೆ ಹಲ್ಲಿಲ್ಲದ ಬಾಯಿ ಹೊಸತಲ್ಲ. ಪ್ರತಿ ಮನೆಯ ಜಗಲಿಯಲ್ಲೂ ಒಂದು ಕುಟ್ಟಾಣಿ ಇರುತ್ತಿತ್ತು. ಕವಳದ ಅಡಿಕೆಯನ್ನು ಹಲ್ಲಿನ ಬದಲು ಅದು ಅರೆಯುತ್ತಿತ್ತು. ಒಂದೆಲಗದ ತಂಬುಳಿ, ಅಪ್ಪೆಹುಳಿಗಳು ಅಗಿಯದೆ ಒಳಗೆ ಹೋಗುವ ಅಡುಗೆ. ಆದರೆ ಹಲ್ಲಿಲ್ಲದವರ ತಾಟಿನಿಂದ ಮೊದಲು ಮರೆಯಾಗುವುದು ಹಸಿ ತರಕಾರಿ, ಕಾಳು, ಗಟ್ಟಿ ಹಣ್ಣು. ಉಳಿಯುವುದು ಅನ್ನ, ಮಜ್ಜಿಗೆ, ಚಹಾದಲ್ಲಿ ನೆನೆಸಿದ ಬಿಸ್ಕತ್ತು. ಸಕ್ಕರೆ ಕಾಯಿಲೆ ಮನೆಮನೆಗೂ ಬಂದಿರುವ ಕಾಲದಲ್ಲಿ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾತಿನ ನಷ್ಟವೂ ಸಣ್ಣದಲ್ಲ. ತಾಳಮದ್ದಲೆಯ ನಾಡು ನಮ್ಮದು. ರಾತ್ರಿಯಿಡೀ ಅರ್ಥ ಹೇಳಬಲ್ಲ ಹಿರಿಯರು ಕೆಳಸೆಟ್ಟು ಎದ್ದೀತೆಂಬ ಅಂಜಿಕೆಯಿಂದ ಕೂಟಕ್ಕೆ ಹೋಗುವುದನ್ನೇ ನಿಲ್ಲಿಸಿದ್ದನ್ನು ನಾನು ಬಲ್ಲೆ. ‘ಸ’ಕಾರ, ‘ಶ’ಕಾರ ಸಿಳ್ಳೆ ಹೊಡೆದರೆ ಧರ್ಮರಾಯನ ಪಾತ್ರಕ್ಕೆ ಶೋಭೆಯೇ?

ಇಷ್ಟೆಲ್ಲ ಪಾಡು ಏಕೆ, ಇಂಪ್ಲಾಂಟ್ ಹಾಕಿಸಬಾರದೇ ಎಂದು ನಗರದ ಓದುಗರು ಕೇಳುವುದು ನ್ಯಾಯವೇ. ಇಂಪ್ಲಾಂಟನ್ನು ಹಳಿಯುವ ಉದ್ದೇಶ ನನಗಿಲ್ಲ. ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೊನೆಮಾರ್ಕ್ 1965ರಲ್ಲಿ ಮೊದಲ ರೋಗಿಯ ದವಡೆಗೆ ಟೈಟೇನಿಯಂ ತಿರುಪುಗಳನ್ನು ಕೂರಿಸಿದ್ದು ವೈದ್ಯಕೀಯದ ದೊಡ್ಡ ಹೆಜ್ಜೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಸೇರಿದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಬರಿಯ ಸೆಟ್ಟು ಇನ್ನು ಮುಂದೆ ಮೊದಲ ಆಯ್ಕೆಯಾಗಬಾರದು, ಎರಡು ಇಂಪ್ಲಾಂಟ್‌ಗಳ ಮೇಲೆ ಕೂರುವ ಸೆಟ್ಟೇ ಮೊದಲ ಆಯ್ಕೆಯಾಗಬೇಕು ಎಂದು ಅಭಿಪ್ರಾಯಪಟ್ಟರು. ಹಾಕಿಸಿಕೊಂಡ ಗೆಳೆಯರು ನೆಮ್ಮದಿಯಾಗಿದ್ದಾರೆ. ಶಕ್ತಿಯಿದ್ದವರು, ಮೂಳೆಯಿದ್ದವರು ಹಾಕಿಸಿಕೊಳ್ಳಲಿ.

ನನ್ನ ವಿಷಯದಲ್ಲಿ ಹುಬ್ಬಳ್ಳಿಯಲ್ಲಿ ಕೇಳಿದ ದರ ಎರಡು ತಿರುಪಿಗೆ, ಮೇಲಿನ ಸೆಟ್ಟೂ ಸೇರಿ, ಒಂದು ಲಕ್ಷಕ್ಕೆ ಸಮೀಪವಿತ್ತು. ಪಿಂಚಣಿದಾರನಾದ ನನಗೆ ಅದು ಅಸಾಧ್ಯವಾದ ಮೊತ್ತವಲ್ಲ. ಆದರೆ ಕೆಳದವಡೆ ತುಂಬ ಕರಗಿತ್ತು. ಮೊದಲು ಮೂಳೆ ತುಂಬಿಸಬೇಕು, ಆಮೇಲೆ ತಿಂಗಳುಗಟ್ಟಲೆ ಕಾಯಬೇಕು ಎಂದರು. ಸಕ್ಕರೆ ಕಾಯಿಲೆಯೂ ಇತ್ತು. ಬೇಡವೆಂದೆ. ಅಲ್ಲಿಂದ ಮುಂದೆ ಆ ಚಿಕಿತ್ಸಾಲಯದ ಉತ್ಸಾಹ ಇಳಿದುಹೋಯಿತು. ಬರಿಯ ಕೆಳಸೆಟ್ಟು ಬೇಕೆನ್ನುವವನನ್ನು ಅಂಗಡಿಯ ಬಾಗಿಲಲ್ಲಿ ನಿಂತು ದರ ಕೇಳಿ ಹೋಗುವವನಂತೆ ಕಾಣುವ ರೂಢಿ ನಗರಗಳಲ್ಲಿ ಬೆಳೆಯುತ್ತಿದೆ. ಇದು ಆತಂಕದ ವಿಷಯ. ಏಕೆಂದರೆ ಒಳ್ಳೆಯ ಕೆಳಸೆಟ್ಟು ಮಾಡುವುದು ಕಷ್ಟದ ಕುಶಲತೆ. ನಾಲಿಗೆ ಮತ್ತು ಕೆನ್ನೆಗಳ ಒತ್ತಡ ಪರಸ್ಪರ ಸರಿದೂಗುವ ಜಾಗವನ್ನು ಹುಡುಕಿ ಹಲ್ಲು ಜೋಡಿಸಬೇಕು. ಅಚ್ಚು ತೆಗೆಯುವಾಗ ಬಾಯಿಯ ತಳದ ಚಲನೆಯನ್ನು ಹಿಡಿಯಬೇಕು. ಲಾಭ ಇಂಪ್ಲಾಂಟಿನಲ್ಲಿದೆಯೆಂದಾದರೆ ಕುಶಲತೆಯೂ ಅತ್ತ ಹರಿಯುತ್ತದೆ. ಇಂಪ್ಲಾಂಟ್ ಹಾಕಿಸಲಾರದ ಬಹುಸಂಖ್ಯಾತರ ಪಾಲಿಗೆ ಉಳಿಯುವುದು ಅರೆಮನಸ್ಸಿನ ಕೆಲಸ. ಮಾರುಕಟ್ಟೆ ತಾನಾಗಿ ಇದನ್ನು ಸರಿಪಡಿಸದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ಇನ್ನು ನಮ್ಮ ಮೂರು ತಾಲ್ಲೂಕುಗಳ ಸ್ಥಿತಿಗೆ ಬರೋಣ. ಇಲ್ಲಿ ದಂತ ವೈದ್ಯಕೀಯ ಕಾಲೇಜು ಇಲ್ಲ. ಕಾಲೇಜಿಗೆ ಹೋಗಬೇಕೆಂದರೆ ಧಾರವಾಡ ಇಲ್ಲವೇ ಶಿವಮೊಗ್ಗ. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು ನೂರು ಕಿಲೋಮೀಟರು, ಯಲ್ಲಾಪುರದಿಂದ ಎಪ್ಪತ್ತು. ಇದು ಪೇಟೆಯಿಂದ ಪೇಟೆಗೆ ಇರುವ ದೂರ. ವಾನಳ್ಳಿಯಿಂದ ಶಿರಸಿಗೆ, ವಜ್ರಳ್ಳಿಯಿಂದ ಯಲ್ಲಾಪುರಕ್ಕೆ ಬರುವ ದಾರಿ ಬೇರೆ. ಮಳೆಗಾಲದ ನಾಲ್ಕು ತಿಂಗಳಂತೂ ಮುದುಕರು ಮನೆ ಬಿಟ್ಟು ಹೊರಡುವುದೇ ಅಪರೂಪ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಡಿ ಹೆಂಗಸರಿಗೆ ಬಸ್ಸಿನ ಖರ್ಚು ಉಳಿಯಿತು, ನಿಜ. ಆದರೆ ಎಂಬತ್ತರ ಅಜ್ಜಿ ಒಬ್ಬಳೇ ಹೋಗುವುದಿಲ್ಲ. ಜೊತೆಗೆ ಹೋಗುವ ಮಗನಿಗೆ ಕೊನೆಕೊಯ್ಲಿನ ಹೊತ್ತಿನಲ್ಲಿ ಒಂದು ದಿನ ತೋಟ ಬಿಡುವುದೆಂದರೆ ಎಷ್ಟು ನಷ್ಟವೆಂದು ಅಡಿಕೆ ಬೆಳೆಗಾರರಿಗೆ ಗೊತ್ತು. ಕೂಲಿಯವರ ಮನೆಯಲ್ಲಿ ಆ ಒಂದು ದಿನವೆಂದರೆ ಒಂದು ದಿನದ ಅನ್ನ.

ಕೆಳಸೆಟ್ಟಿಗೆ ಎಷ್ಟು ಸಲ ಹೋಗಬೇಕಾಗುತ್ತದೆ? ಮಾಡಿಸಲು ನಾಲ್ಕೈದು ಸಲ. ನನ್ನದನ್ನು ಕೊಟ್ಟ ಮೇಲೆ ಮೊದಲ ಮೂರು ತಿಂಗಳಲ್ಲಿ ಒಂಬತ್ತು ಸಲ ಹೋದೆ. ಒಂದು ಕಡೆ ಒತ್ತಿ ಹುಣ್ಣಾಗುತ್ತಿತ್ತು, ಅಲ್ಲಿ ಕೂದಲೆಳೆಯಷ್ಟು ಉಜ್ಜುತ್ತಿದ್ದರು; ವಾರದಲ್ಲಿ ಇನ್ನೊಂದು ಕಡೆ ಒತ್ತುತ್ತಿತ್ತು. ಉಜ್ಜುವ ಕೆಲಸಕ್ಕೆ ಪ್ರತಿ ಸಲ ಹಿಡಿದದ್ದು ಹತ್ತು ನಿಮಿಷ, ದಾರಿಗೆ ಹಿಡಿದದ್ದು ಇಡೀ ದಿನ. ನನಗೆ ಸಮಯವಿತ್ತು, ಕಾಸಿತ್ತು, ಹಟವೂ ಇತ್ತು. ನಿಲ್ಕುಂದದ ಆ ತಾಯಿ ಒಂದು ಸಲವೂ ಮತ್ತೆ ಹೋಗಲಿಲ್ಲ. ಹುಣ್ಣಾಯಿತು, ತೆಗೆದಿಟ್ಟರು. ಹುಣ್ಣು ಮಾಯುವಷ್ಟರಲ್ಲಿ ಹಾಕಿಕೊಳ್ಳುವ ಧೈರ್ಯವೂ ಹೋಯಿತು. ಸರ್ಕಾರ ಅಚ್ಚು ತೆಗೆಸಿ, ಮೇಣದಲ್ಲಿ ಹಲ್ಲು ಜೋಡಿಸಿ, ಅಕ್ರಿಲಿಕ್‌ನಲ್ಲಿ ಎರಕ ಹೊಯ್ಯಿಸಿ ಮಾಡಿದ ವೆಚ್ಚವೆಲ್ಲ ಹತ್ತು ನಿಮಿಷದ ಉಜ್ಜುವಿಕೆ ಹತ್ತಿರದಲ್ಲಿ ಸಿಗಲಿಲ್ಲವೆಂಬ ಕಾರಣಕ್ಕೆ ಡಬ್ಬಿ ಸೇರಿತು. ಆಸ್ತಿ ಸೃಷ್ಟಿಗೆ ಹಣ, ನಿರ್ವಹಣೆಗೆ ಸೊನ್ನೆ ಎಂಬ ನಮ್ಮ ಹಳೆಯ ಚಾಳಿ ಕೊನೆಗೆ ಬಾಯಿಯೊಳಗೂ ಬಂದು ಕೂತಿದೆ.

ಇಂಪ್ಲಾಂಟನ್ನೇ ಉಚಿತವಾಗಿ ಕೊಟ್ಟುಬಿಡಿ ಎನ್ನುವವರೂ ಇದನ್ನು ಗಮನಿಸಬೇಕು. ಎರಡು ತಿರುಪಿನ ಸೆಟ್ಟು ಕೂಡ ವಸಡಿನ ಮೇಲೆಯೇ ಒರಗುವಂಥದು. ಅದರ ರಬ್ಬರು ಬಳೆಗಳು ಸವೆಯುತ್ತವೆ, ತಿರುಪಿನ ಸುತ್ತ ಕೊಳೆ ಕೂರುತ್ತದೆ. ಹುಣ್ಣು ಉಜ್ಜಿಸಲು ಜಾಗವಿಲ್ಲದ ಊರಲ್ಲಿ ತಿರುಪನ್ನು ನೋಡಿಕೊಳ್ಳುವವರು ಯಾರು?

ನಮ್ಮ ಸೀಮೆಗೆ ಈ ಮರುಭೇಟಿ ಮುಖ್ಯವಾಗಲು ಇನ್ನೊಂದು ಕಾರಣವಿದೆ. ಅದನ್ನು ಅಡಿಕೆಯ ಊರಿನಲ್ಲಿ ಹೇಳುವುದು ಸ್ವಲ್ಪ ಮುಜುಗರದ ಮಾತು. ನಮ್ಮ ಹಿರಿಯರಲ್ಲಿ ಬಹಳಷ್ಟು ಜನ ಕವಳದವರು, ಹಲವರದು ತಂಬಾಕು ಬೆರೆತ ಕವಳ. ಇದು ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದರಲ್ಲಿ ವೈದ್ಯಲೋಕಕ್ಕೆ ಸಂದೇಹವಿಲ್ಲ. ಸೆಟ್ಟಿನಡಿಯ ಹುಣ್ಣು ಸಾಮಾನ್ಯವಾಗಿ ಒತ್ತಡದ ಹುಣ್ಣು; ಸೆಟ್ಟು ತೆಗೆದಿಟ್ಟರೆ, ಉಜ್ಜಿಸಿದರೆ ವಾರದಲ್ಲಿ ಮಾಯುತ್ತದೆ. ಎರಡು ವಾರ ಕಳೆದರೂ ಮಾಯದ ಹುಣ್ಣನ್ನು ವೈದ್ಯರಿಗೆ ತೋರಿಸಲೇಬೇಕು. ಸೆಟ್ಟು ಉಜ್ಜಿಸಲು ಬಂದ ಮುದುಕನ ಬಾಯಿಯೊಳಗೆ ದಂತವೈದ್ಯರು ಒಮ್ಮೆ ಕಣ್ಣಾಡಿಸಿದರೆ, ಬೇರೆ ಯಾವ ತಪಾಸಣಾ ಶಿಬಿರವೂ ತಲುಪದವರನ್ನು ತಲುಪಿದಂತಾಯಿತು. ಇದಕ್ಕೆ ಬೇರೆ ಯೋಜನೆ ಬೇಡ, ಬೇರೆ ಹೆಸರೂ ಬೇಡ.

ಹಾಗಾದರೆ ಏನು ಮಾಡಬಹುದು? ದೊಡ್ಡದೇನನ್ನೂ ಕೇಳುತ್ತಿಲ್ಲ. ಸೆಟ್ಟು ಎಲ್ಲಿಯೇ ತಯಾರಾಗಲಿ, ಕೊಟ್ಟ ಮೇಲಿನ ಸರಿಪಡಿಕೆ ಆಯಾ ತಾಲ್ಲೂಕು ಆಸ್ಪತ್ರೆಯಲ್ಲಿ, ವಾರಕ್ಕೊಂದು ಗೊತ್ತಾದ ದಿನ, ಸಾಧ್ಯವಾದರೆ ಸಂತೆಯ ದಿನವೇ ಆಗಲಿ. ಸಂತೆಗೆ ಹೇಗೂ ಬಸ್ಸುಂಟು, ಜೊತೆಗೆ ಬರುವವರೂ ಉಂಟು. ಇದಕ್ಕೆ ಬೇಕಾದ ಉಪಕರಣವೆಂದರೆ ಅಕ್ರಿಲಿಕ್ ಉಜ್ಜುವ ಒಂದು ಪುಟ್ಟ ಯಂತ್ರ. ಎರಡನೆಯದಾಗಿ, ಸಂಸ್ಥೆಗಳಿಗೆ ಸೆಟ್ಟಿನ ಬಾಬ್ತು ಕೊಡುವ ಹಣವನ್ನು ಒಂದೇ ಕಂತಿನಲ್ಲಿ ಕೊಡಬೇಡಿ. ಒಂದು ಪಾಲನ್ನು ಉಳಿಸಿಕೊಂಡು, ಆರು ತಿಂಗಳ ನಂತರವೂ ಫಲಾನುಭವಿ ಕೆಳಸೆಟ್ಟು ಹಾಕಿಕೊಂಡು ಊಟ ಮಾಡುತ್ತಿದ್ದಾನೆಂದು ಖಚಿತವಾದಾಗ ಕೊಡಿ. ಖಚಿತಪಡಿಸಲು ಆಶಾ ಕಾರ್ಯಕರ್ತೆಯ ಒಂದು ಪ್ರಶ್ನೆ ಸಾಕು. ಆ ಕೆಲಸಕ್ಕೆ ಆಕೆಗೆ ಪ್ರತ್ಯೇಕ ಗೌರವಧನ ಕೊಡಬೇಕೆಂಬುದನ್ನೂ ಇಲ್ಲಿಯೇ ಸೇರಿಸುತ್ತೇನೆ. ಪುಕ್ಕಟೆ ಕೆಲಸವನ್ನೆಲ್ಲ ಆಕೆಯ ತಲೆಗೆ ಕಟ್ಟಿದ್ದು ಸಾಕು. ಮೂರನೆಯದು, ಎರಡು ಮೂರು ವರ್ಷಕ್ಕೊಮ್ಮೆ ಸಡಿಲವಾದ ಸೆಟ್ಟಿಗೆ ಒಳಪದರ ಹಾಕಿಸುವ ವೆಚ್ಚವನ್ನು ಯೋಜನೆಯಲ್ಲೇ ಸೇರಿಸಬೇಕು. ಹೊಸ ಸೆಟ್ಟಿಗೆ ಹೋಲಿಸಿದರೆ ಅದು ಅಲ್ಪ. ಇವುಗಳಿಗೆ ಸಚಿವ ಸಂಪುಟದ ತೀರ್ಮಾನ ಬೇಕಾಗಲಾರದು, ಇಲಾಖೆಯ ಒಂದು ಸುತ್ತೋಲೆಯಲ್ಲಿ ಮುಗಿಯಬಹುದು.

ಸೆಟ್ಟು ಕೊಡುವಾಗ ಕನ್ನಡದಲ್ಲಿ ಒಂದು ಹಾಳೆ ಕೊಟ್ಟರೂ ಉಪಕಾರವಾದೀತು. ರಾತ್ರಿ ತೆಗೆದು ತಣ್ಣೀರಿನಲ್ಲಿಡಿ, ಬಿಸಿನೀರು ಹಾಕಿದರೆ ಸೊಟ್ಟಗಾಗುತ್ತದೆ, ಟೂತ್‌ಪೇಸ್ಟ್ ಉಜ್ಜಿದರೆ ಗೀರು ಬೀಳುತ್ತದೆ, ಮೆತ್ತನೆಯ ಬ್ರಷ್ಷೂ ಸೋಪಿನ ನೀರೂ ಸಾಕು, ನೋವಾದರೆ ಮನೆಯಲ್ಲಿ ಅರದಿಂದ ಉಜ್ಜಬೇಡಿ. ಕೊನೆಯದನ್ನು ತಮಾಷೆಗೆ ಬರೆದಿಲ್ಲ. ಬಡಗಿಯ ಅರದಿಂದ ಸೆಟ್ಟು ಉಜ್ಜಿಕೊಂಡವರನ್ನು ನೋಡಿದ್ದೇನೆ.

ಇನ್ನೂ ಹಲ್ಲು ಪೂರ್ತಿ ಹೋಗದವರಿಗೆ ಒಂದು ಮಾತು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ಅವರ ಬಾಯಲ್ಲಿ ಉಳಿದಿದ್ದದ್ದು ಒಂದೇ ಹಲ್ಲು, ಅದೂ ಕೆಳದವಡೆಯಲ್ಲಿ. ಅವರ ದಂತವೈದ್ಯ ಜಾನ್ ಗ್ರೀನ್‌ವುಡ್ ನೀರಾನೆಯ ದಂತದಲ್ಲಿ ಕೆಳಸೆಟ್ಟು ಕಡೆದು, ಆ ಒಂಟಿ ಹಲ್ಲು ತೂರುವಷ್ಟು ತೂತು ಬಿಟ್ಟು ಕೂರಿಸಿದರು. ಇಂದಿನ ವಿಜ್ಞಾನವೂ ಬೇರೆ ರೀತಿಯಲ್ಲಿ ಅದನ್ನೇ ಹೇಳುತ್ತದೆ. ಕೆಳಗಿನ ಎರಡು ಕೋರೆಹಲ್ಲುಗಳನ್ನು ಕೀಳದೆ, ರೂಟ್ ಕೆನಾಲ್ ಮಾಡಿ, ವಸಡಿನ ಮಟ್ಟಕ್ಕೆ ತಗ್ಗಿಸಿ ಅವುಗಳ ಮೇಲೆ ಸೆಟ್ಟು ಕೂರಿಸಬಹುದು. 1978ರಲ್ಲಿ ಪ್ರಕಟವಾದ ಐದು ವರ್ಷಗಳ ಅಧ್ಯಯನವೊಂದರಲ್ಲಿ, ಹೀಗೆ ಕೋರೆಹಲ್ಲು ಉಳಿಸಿಕೊಂಡವರ ಕೆಳದವಡೆಯ ಮುಂಭಾಗ ಕರಗಿದ್ದು ಸರಾಸರಿ 0.6 ಮಿಲಿಮೀಟರ್, ಎಲ್ಲ ಹಲ್ಲು ಕಿತ್ತವರದು 5.2 ಮಿಲಿಮೀಟರ್. ಅಂದರೆ ದೇವರು ಕೊಟ್ಟ ಎರಡು ತಿರುಪುಗಳು ದವಡೆಯಲ್ಲಿ ಆಗಲೇ ಇವೆ. ಆದರೂ ಶಿಬಿರಗಳಲ್ಲಿ ‘ಇದ್ದ ಎರಡನ್ನೂ ತೆಗೆಸಿಬಿಡಿ, ಪೂರ್ತಿ ಸೆಟ್ಟು ಮಾಡಿಸೋಣ’ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ, ನಮ್ಮ ಜನ ಅಷ್ಟೇ ಸುಲಭವಾಗಿ ಒಪ್ಪುತ್ತಾರೆ. ಮನೆಯ ಹಿರಿಯರನ್ನು ಹಲ್ಲು ಕೀಳಿಸಲು ಕರೆದುಕೊಂಡು ಹೋಗುವವರು ಕೆಳಗಿನ ಕೋರೆಹಲ್ಲಿನ ಬೇರು ಗಟ್ಟಿಯಿದೆಯೇ ಎಂದು ವೈದ್ಯರನ್ನು ಮೊದಲು ಕೇಳಲಿ. ಇದ್ದರೆ ಅದನ್ನು ಉಳಿಸಲು ತಗಲುವ ಖರ್ಚು ದಂತಭಾಗ್ಯದಡಿ ಬರುವಂತಾಗಲಿ.